ಎರಡನೆಯ ಚಿತ್ರ

ಬೂದಿ, ಬೂದಿ ಮೇಲೆ ಬೂದಿ, ನಡುವೆ ಒಂದು ಕಪ್ಪು, ಕಪ್ಪಿನೊಳಗೆ ಬೆಳ್ಳಗೆ ಒಂದು ಚೂರು — ಅಲ್ಲ, ಇದು ಅದಲ್ಲ, ಇದು ಆಫೀಸಿನದು, ಕಣ್ಣುಜ್ಜಿಕೋ ವಸುಂಧರಾ, ಇದು ಚೀನಾದ ಶಿಪ್‌ಯಾರ್ಡು, ಕಪ್ಪಗಿರೋದು ಹಡಗು ಕಟ್ಟೋ ಡಾಕಿನ ನೆಲ, ಬೆಳ್ಳಗಿರೋದು ಕಬ್ಬಿಣ, ಮೇಲೆ ಎಲ್ಲೋ ಸುತ್ತೋ ಉಪಗ್ರಹ ರಾಡಾರ್ ಬಿಟ್ಟು ತೆಗೆದದ್ದು, ಬೆಳಿಗ್ಗೆ ನೋಡಿದ್ದು ಬೇರೆ, ಅದು ನನ್ನ ಹೊಟ್ಟೆ, ಅದನ್ನ ತೆಗೆದದ್ದು ಒಬ್ಬ ಹೆಂಗಸು, ತಣ್ಣನೆ ಜೆಲ್ ಹಚ್ಚಿ, ತುಂಬ ಹೊತ್ತು ನೋಡಿ, ಇನ್ನೊಬ್ಬಳನ್ನ ಕರೆದು ತೋರಿಸಿ, ಆಮೇಲೆ ಐ ಆಮ್ ಸೋ ಸಾರಿ ಲವ್ ಅಂದು ಟಿಶ್ಯೂ ಡಬ್ಬ ನನ್ನ ಕಡೆ ತಳ್ಳಿದವಳು, ಬೆಳೆದಿಲ್ಲ, ಹೋದ ವಾರ ಎಷ್ಟಿತ್ತೋ ಅಷ್ಟೇ ಇದೆ, ಹಾರ್ಟ್‌ಬೀಟ್ ಇಲ್ಲ. ಅಲ್ಲಿಂದ ಕೆನಾಲ್ ಪಕ್ಕ ಹತ್ತು ನಿಮಿಷ ನಡೆದು ಬಂದು ಗ್ರ್ಯಾಂಡ್ ಕೆನಾಲ್ ಡಾಕಿನ ಈ ನಾಲ್ಕನೇ ಮಹಡಿಯಲ್ಲಿ ಕೂತಿದೀನಿ, ಮನೆಗೆ ಹೋಗಬಹುದಿತ್ತು, ಸ್ವೋರ್ಡ್ಸ್ ಬಸ್ಸು ಎದುರಿಗೇ ಬಂದು ನಿಂತಿತ್ತು, ಹತ್ತಲಿಲ್ಲ, ಯಾಕೆ ಹತ್ತಲಿಲ್ಲ ಅಂದ್ರೆ ಮನೇಲಿ ಫ್ರಿಜ್ಜಿದೆ, ಫ್ರಿಜ್ಜಿನ ಬಾಗಿಲ ಮೇಲೆ ಮಗಳು ಐಶು ಬರೆದ ಚಿತ್ರ ಇದೆ, ಇಲ್ಲಿಯಾದ್ರೆ ಹಡಗು ಮಾತ್ರ. ಫೋನು ಮೇಜಿನ ಮೇಲೆ ಗುರ್ ಅಂತು, ದಿಲೀಪ್, ಏನಾಯ್ತು ವಸೂ, ಆಮೇಲೆ ಒಂದು ನಗೋ ಮುಖ. ಬೋರಲು ಹಾಕಿದೆ.

ಪ್ರಶ್ನೆ ಇಷ್ಟೇ, ಹನ್ನೆರಡು ಗಂಟೆ ಕಾಲ್‌ನಲ್ಲಿ ಕ್ಲೈಂಟು ಕೇಳೋದು ಇದೊಂದನ್ನೇ, ಈ ಹೊಸ ನಮೂನೆ ಯುದ್ಧದ ಹಡಗನ್ನ, ಫ್ರಿಗೇಟನ್ನ, ಚೀನಾದವರು ಸಾಲಾಗಿ ಕಟ್ಟಿ ಬಿಡ್ತಾರಾ ಅಥವಾ ಎರಡಕ್ಕೇ ನಿಲ್ಲಿಸ್ತಾರಾ, ಹಳೇ ನಮೂನೆಯದನ್ನ ಇಡ್ಲಿ ತಟ್ಟೆ ಇಳಿಸಿದ ಹಾಗೆ ಒಂದಾದ ಮೇಲೆ ಒಂದು ಇಳಿಸಿದ್ರು, ಹೊಸದು ಎರಡು ಬಂತು, ಹೂವು ಪತಾಕೆ ಬ್ಯಾಂಡು ಎಲ್ಲ ಆಯ್ತು, ಆಮೇಲೆ ಸದ್ದಿಲ್ಲ, ತಿಂಗಳುಗಟ್ಟಲೆ ಡಾಕು ಖಾಲಿ, ನೆಲದಲ್ಲಿ ಹಡಗನ್ನ ಹೊತ್ತುಕೊಳ್ಳೋ ದಿಮ್ಮಿಗಳು ಮಾತ್ರ ಎರಡು ಸಾಲು, ಅದರ ಮೇಲೆ ಏನೂ ಇಲ್ಲ. ಜಗತ್ತಿನಲ್ಲಿ ಇರೋಬರೋ ಪಂಡಿತರೆಲ್ಲ ಬಾಯಿ ಬಿಟ್ರು, ಇದು ಬರೀ ಸ್ಯಾಂಪಲ್ಲು ಅಂದವರು ಕೆಲವರು, ಕಾದು ನೋಡಿ ಅಂದವರು ಕೆಲವರು, ನಮ್ಮ ಬಾಸ್ ಡಾನಲ್ ಅಂತೂ ಪಾಡ್‌ಕಾಸ್ಟ್‌ನಲ್ಲಿ ಕೂತು ದೊಡ್ಡದಾಗಿ, ಎರಡೇ, ಮೂರನೆಯದು ಬರಲ್ಲ, ಬರೆದಿಟ್ಕೊಳ್ಳಿ ಅಂದುಬಿಟ್ಟ. ಬರೆದಿಟ್ಕೊಂಡವರು ಇದ್ದಾರೆ, ಅವರೇ ಇವತ್ತಿನ ಕ್ಲೈಂಟು. ನನಗೇನು ಬಂತು, ಬೆಂಗಳೂರಲ್ಲಿ ಇದೇ ರಾಡಾರ್ ಚಿತ್ರ ನೋಡಿ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಎಷ್ಟು ಎಕರೆ ಅಂತ ಹೇಳ್ತಿದ್ದವಳು, ಇಲ್ಲಿಗೆ ಬಂದು ಹಡಗು ನೋಡ್ತಿದೀನಿ, ಕಬ್ಬೂ ಬೆಳೆಯುತ್ತೆ ಹಡಗೂ ಬೆಳೆಯುತ್ತೆ, ಬೆಳೆಯೋದನ್ನ ದೂರದಿಂದ ನೋಡಿ ಹೌದು ಬೆಳೀತಿದೆ ಅನ್ನೋದಕ್ಕೇ ನನಗೆ ಸಂಬಳ, ಥೂ. ಕಣ್ಣು ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ನಾನೂ ನಂಬಿದ್ದೆ.

ಚಿತ್ರ ಎರಡು ಬೇಕು, ಇದು ನಾನೇ ಮಾಡಿದ ರೂಲು, ಒಂದು ನೋಡಿ ಬಾಯಿ ತೆರೀಬಾರದು, ವಾರ ಬಿಟ್ಟು ಅದೇ ಕೋನದಿಂದ ಇನ್ನೊಂದು ಬರಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ಆಮೇಲೆ ಮಾತಾಡು, ಯಾಕೆಂದ್ರೆ ರಾಡಾರ್ ಚಿತ್ರ ಅಂದ್ರೆ ಅದರ ತುಂಬ ಮರಳು ಎರಚಿದ ಹಾಗೆ ಚುಕ್ಕೆ, ಎರಡು ಚಿತ್ರ ಅದಲುಬದಲು ಮಾಡಿ ತೋರಿಸಿದ್ರೆ ಆ ಚುಕ್ಕೆಗಳು ಮಿಣಮಿಣ ಅಂತಾವೆ, ಹೊಸಬರು ಅದನ್ನ ನೋಡಿ ಅಲ್ಲಾಡ್ತು ಅಲ್ಲಾಡ್ತು ಅಂತ ಕೂಗ್ತಾರೆ, ಅಲ್ಲಾಡಲ್ಲ, ಅದು ಬರೀ ಗದ್ದಲ, ಬೇಕು ಅನ್ನಿಸಿದ ಕಡೆಯೇ ಕಣ್ಣಿಗೆ ಮಿಣುಕು ಕಾಣೋದು. ಅಯ್ಮನ್ ಸೇರಿದ ಮೊದಲ ವಾರ ಇದನ್ನ ನಾನೇ ಕೂರಿಸಿಕೊಂಡು ಹೇಳಿಕೊಟ್ಟೆ, ಹುಬ್ಬಳ್ಳಿ ಹುಡುಗಿ, ನನ್ನ ಎದುರು ಸೀಟು, ಕನ್ನಡ ಮಾತಾಡೋಕೆ ಈ ಮಹಡಿಯಲ್ಲಿ ನನಗಿರೋದು ಅವಳೊಬ್ಬಳೇ, ಅಕ್ಕಾ ನನಗ ಮಿಣಕ್ ಅಂದದ್ದು ಖರೇನ ಕಾಣಸ್ತು ಅಂದಿದ್ಲು, ನಾನು ನಕ್ಕಿದ್ದೆ, ಮಿನುಗೋದೆಲ್ಲ ಹಡಗಲ್ಲ ಕಣೇ ಅಂತ, ಎಷ್ಟು ದೊಡ್ಡ ಮಾತು, ಎಷ್ಟು ಜಂಭ.

ಹೋದ ಗುರುವಾರ ಅದೇ ಆಸ್ಪತ್ರೆ, ಸ್ವಲ್ಪ ರಕ್ತ ಕಂಡಿತು ಅಂತ ಹೆದರಿ ಹೋದದ್ದು, ಡಾಕ್ಟರಮ್ಮ ಸ್ಕ್ರೀನನ್ನ ನನ್ನ ಕಡೆ ತಿರುಗಿಸಿದ್ರು, ಒಂಬತ್ತು ವಾರ ಅಂತೀರ, ಅಷ್ಟು ದೊಡ್ಡದಿಲ್ಲ, ಹಾರ್ಟ್‌ಬೀಟ್ ನನಗೆ ಖಚಿತವಾಗಿ ಕಾಣ್ತಿಲ್ಲ, ಡೇಟ್ ತಪ್ಪಿರಬಹುದು, ಒಂದು ವಾರ ಬಿಟ್ಟು ಇನ್ನೊಂದು ಸಲ ನೋಡೋಣ, ಈಗಲೇ ಏನೂ ಹೇಳಲ್ಲ ಅಂದ್ರು — ನನ್ನದೇ ರೂಲು, ನನ್ನ ಬಾಯಿಂದ ಕದ್ದ ಹಾಗೆ — ನಾನು ತಲೆ ಎತ್ತಿ ನೋಡ್ತಿದ್ದೆ, ಕಪ್ಪು, ಅದರೊಳಗೆ ಬಿಳಿ, ಬಿಳಿಯ ನಡುವೆ ಮಿಣಕ್. ಕಂಡಿತು ನನಗೆ, ಆಣೆ ಮಾಡಿ ಹೇಳ್ತಿದ್ದೆ ಆವತ್ತು. ಅವರ ಕೈ ಅಲ್ಲಾಡಿತ್ತೋ, ನಾನು ಉಸಿರು ಎಳೆದಿದ್ದೆನೋ, ಚುಕ್ಕೆಗಳ ಗದ್ದಲವೋ, ದೇವರಿಗೇ ಗೊತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೇ ದಿಲೀಪ್‌ಗೆ ಫೋನು ಹಚ್ಚಿದೆ, ಅವನು ಲೆಪರ್ಡ್ಸ್‌ಟೌನಿನ ಆಫೀಸಲ್ಲಿ, ಡಾಕ್ಟರ್ ಏನಂದ್ರು ಅಂದ, ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯ್ತು ಅಂದೆ, ಮಿಣಕ್ ಅಂತು ದಿಲೀಪ್, ನಾನು ನೋಡಿದೆ, ದಿನಾ ಇದೇ ಕೆಲಸ ಮಾಡ್ತೀನಿ ನಾನು, ನನಗೆ ಹೇಳಬೇಡ. ಅವನು ಯಾಕೆ ಅನುಮಾನ ಪಡ್ತಾನೆ, ನನ್ನ ಕಣ್ಣಿನ ಬಗ್ಗೆ ಅವನಿಗೆ ಹೆಮ್ಮೆ, ಪಾರ್ಟಿಗಳಲ್ಲಿ ಹೇಳ್ಕೊಂಡು ತಿರುಗ್ತಾನೆ, ನನ್ನ ಹೆಂಡತಿ ಬಾಹ್ಯಾಕಾಶದಿಂದ ಲಾರಿ ಗುರುತು ಹಿಡೀತಾಳೆ ಅಂತ. ಹಿಡೀತಾಳೆ ಹಿಡೀತಾಳೆ.

ಮೂರು ತಿಂಗಳು ತುಂಬೋವರೆಗೆ ಯಾರ ಹತ್ತಿರವೂ ಉಸಿರು ಬಿಡಬಾರದು ಅಂತ ಕಟ್ಟುನಿಟ್ಟು ಮಾಡಿದವರೇ ಅತ್ತೆ, ಮೈಸೂರಲ್ಲಿ ಕೂತು ವೀಡಿಯೊ ಕಾಲ್‌ನಲ್ಲಿ, ಕಣ್ಣು ಬೀಳುತ್ತಮ್ಮ, ಐಶು ಟೈಮಲ್ಲೂ ನಾನು ತುಟಿ ಬಿಚ್ಚಿರಲಿಲ್ಲ ಅಂತ, ಮಗ ಫೋನು ಮಾಡಿ ವಸೂಗೆ ಹಾರ್ಟ್‌ಬೀಟ್ ಕಂಡಿತಂತೆ ಅಂದದ್ದೇ ತಡ, ಆಯಮ್ಮ ನಾದಿನಿಗೆ ಹೇಳಿ, ಪಾರಾಯಣದ ಗುಂಪಿಗೆ ಹೇಳಿ, ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತು ಬಂದದ್ದೂ ಆಯ್ತು, ಕಡೆಗೂ ಮನಸ್ಸು ಮಾಡಿದ್ರಲ್ಲಮ್ಮ, ಒಂದಕ್ಕೇ ನಿಲ್ಲಿಸಿಬಿಡ್ತೀರೇನೋ ಅಂದ್ಕೊಂಡಿದ್ದೆ ಅಂದ್ರು. ಒಂದಕ್ಕೇ ನಿಲ್ಲಿಸ್ತೀರಾ, ಎರಡಕ್ಕೇ ನಿಲ್ಲಿಸ್ತೀರಾ, ಎಲ್ಲರಿಗೂ ಇದೇ ಬೇಕು, ಕ್ಲೈಂಟಿಗೂ ಅತ್ತೆಗೂ. ಏಳು ವರ್ಷ ಕೇಳಿದ್ರು, ಮಗೂಗೆ ಜೊತೆ ಬೇಡವಾ, ನೀನು ಯಾವ ಹಡಗು ಓಡಿಸಬೇಕಮ್ಮ, ಕೆಲಸ ಎಲ್ಲಿಗೆ ಓಡಿಹೋಗುತ್ತೆ ಅಂತ. ಏಳು ವರ್ಷ ನಾನು ಬೇಡ ಅಂದಿದ್ದು ಎಲ್ಲರಿಗೂ ಗೊತ್ತು, ನಾನು ಬೇಕು ಅಂದಿದ್ದು ಮಾತ್ರ ಯಾರಿಗೂ ಗೊತ್ತಿಲ್ಲ, ಹೋದ ಚಳಿಗಾಲದಲ್ಲಿ ಒಂದು ದಿನ ಬಸ್ಸಿನಲ್ಲಿ ಯಾರದೋ ಮಗು ನನ್ನ ಮಫ್ಲರ್ ತುದಿ ಬಾಯಿಗಿಟ್ಕೊಂಡು ಸ್ವೋರ್ಡ್ಸ್‌ವರೆಗೂ ಬಿಡಲಿಲ್ಲ, ಇಳಿಯೋ ಹೊತ್ತಿಗೆ ನನಗೆ ಬೇಕೇ ಬೇಕು ಅನ್ನಿಸಿತ್ತು, ಅತ್ತೆಗಲ್ಲ, ಐಶುಗೆ ಜೊತೆ ಅಂತಲೂ ಅಲ್ಲ, ನನಗೆ. ಯಾರಿಗೂ ಹೇಳಲಿಲ್ಲ.

ಐಶುಗೆ ದಿಲೀಪ್ ಹೇಳಿದ, ನನ್ನನ್ನ ಕೇಳದೆ, ರಾತ್ರಿ ಊಟಕ್ಕೆ ಕೂತಾಗ, ಆಸ್ಪತ್ರೆಯವರು ಕೊಟ್ಟಿದ್ದ ಪ್ರಿಂಟನ್ನೂ ತೋರಿಸಿದ, ಅವಳು ಅದನ್ನ ತಿರುಗಿಸಿ ತಿರುಗಿಸಿ ನೋಡಿ ಇಟ್ಸ್ ಟೈನಿ ಅಂದ್ಲು, ಹಾಗೇ ಮೇಜಿನ ಮೇಲೆ ಡ್ರಾಯಿಂಗ್ ಹಾಳೆ ಹರಡಿ ಕಪ್ಪು ಕ್ರೆಯಾನ್ ತಗೊಂಡು ಗೀಚೋಕೆ ಶುರು ಮಾಡಿದ್ಲು, ಬಿಳಿ ಕ್ರೆಯಾನ್ ಇರಲಿಲ್ಲ, ಇದ್ದಿದ್ರೂ ಕಪ್ಪಿನ ಮೇಲೆ ಹತ್ತಲ್ಲ, ನಾನೇ ಹೇಳಿಕೊಟ್ಟೆ, ಮಗೂ ಇರೋ ಜಾಗ ಬಿಟ್ಟು ಸುತ್ತ ಬಳಿ ಪುಟ್ಟಾ, ಬಿಟ್ಟದ್ದು ತಾನಾಗಿಯೇ ಬೆಳ್ಳಗೆ ಕಾಣುತ್ತೆ. ನಾಲಿಗೆ ಕಚ್ಚಿಕೊಂಡು ಬಳಿದಳು, ಹಾಳೆ ಪೂರ್ತಿ ಕಪ್ಪು, ನಡುವೆ ಬೆರಳ ಉಗುರಿನಷ್ಟು ಬರೀ ಕಾಗದ. ಫ್ರಿಜ್ಜಿಗೆ ಅಂಟಿಸಿ, ಪಕ್ಕದಲ್ಲಿ ಇನ್ನೂ ಐದಾರು ಮ್ಯಾಗ್ನೆಟ್ ಸಾಲಾಗಿ ಇಟ್ಲು, ಪ್ರತಿ ವಾರ ಒಂದು ಬರೀತಾಳಂತೆ, ಪ್ರತಿ ಸಲ ಬಿಡೋ ಜಾಗ ದೊಡ್ಡದು ಮಾಡ್ತಾಳಂತೆ, ಕೊನೇ ಹಾಳೇಲಿ ಕಪ್ಪೇ ಇರಲ್ವಂತೆ. ಸ್ಕೂಲಲ್ಲಿ ಸೋಮವಾರ ಮಕ್ಕಳು ಎದ್ದು ನಿಂತು ತಮ್ಮ ನ್ಯೂಸ್ ಹೇಳಬೇಕು, ಇವಳು ಇದನ್ನೇ ಹೇಳಿ ಬಂದ್ಲು, ಗೇಟಲ್ಲಿ ಟೀಚರ್ ನನ್ನ ಕೈ ಹಿಡ್ಕೊಂಡು ಕಂಗ್ರಾಜುಲೇಷನ್ಸ್, ಅದೆಷ್ಟು ಗ್ರ್ಯಾಂಡ್ ಸುದ್ದಿ ಅಂದ್ರು, ನಾನು ಥ್ಯಾಂಕ್ಯೂ ಅಂದೆ. ಆವಾಗಲೂ ಅಂದೆ, ಒಳಗೆ ಅದು ನಿಂತುಹೋಗಿ ಎಷ್ಟು ದಿನ ಆಗಿತ್ತೋ ಏನೋ, ಥ್ಯಾಂಕ್ಯೂ ಅಂದೆ.

ಫೋನು ಮತ್ತೆ ಗುರ್ ಅಂತು. ನೋಡಲ್ಲ. ಕೆಲಸ ನೋಡು, ಹೋದ ಗುರುವಾರದ ಚಿತ್ರ ಎಡಗಡೆ, ಇವತ್ತು ಬೆಳಗಿನದು ಬಲಗಡೆ, ಎಡಗಡೆ ಡಾಕಿನಲ್ಲಿ ದಿಮ್ಮಿ ಸಾಲಿನ ಮೇಲೆ ನಡು ಭಾಗದ ಒಂದು ತುಂಡು, ಮೋಟು ಮೋಟಾಗಿ, ಅದು ಏನು ಬೇಕಾದರೂ ಆಗಿರಬಹುದಿತ್ತು, ಬಲಗಡೆ ಅದೇ ತುಂಡು, ಅದರ ಮುಂದೆ ಒಂದು ಸೇರಿದೆ, ಹಿಂದೆ ಒಂದು ಸೇರಿದೆ, ಅಗಲ ಆ ಮೊದಲ ಎರಡು ಹಡಗಿನ ಅಗಲವೇ, ಮತ್ತೆ ಪಕ್ಕದ ಡಾಕು, ಹೋದ ವಾರ ಪೂರ್ತಿ ಖಾಲಿ ಇದ್ದದ್ದು, ಅಲ್ಲೂ ದಿಮ್ಮಿ ಅದೇ ಅಂತರದಲ್ಲಿ ಜೋಡಿಸಿ ಅದೇ ನಮೂನೆ ನಡು ಭಾಗ ತಂದು ಇಟ್ಟಿದ್ದಾರೆ, ಒಂದಲ್ಲ, ಎರಡು, ಒಟ್ಟೊಟ್ಟಿಗೆ. ಅವಳಿ. ನಗು ಬಂತು, ಥೂ ನಗಬೇಡ. ಒಂದು ವಾರದಲ್ಲಿ ಅಲ್ಲಿ ಎಷ್ಟು ಬೆಳೆದಿದೆ, ಕಬ್ಬಿಣಕ್ಕೆ ರಕ್ತ ಬೇಡ, ನಿದ್ದೆ ಬೇಡ, ಎಡಮಗ್ಗುಲಲ್ಲೇ ಮಲಗು ಅಂತ ಯಾರೂ ಹೇಳಬೇಕಿಲ್ಲ, ಪಪ್ಪಾಯ ತಿನ್ನಬೇಡ ಅಂತ ಹೇಳಬೇಕಿಲ್ಲ, ಕ್ರೇನ್ ಎತ್ತಿ ಇಟ್ರೆ ಆಯ್ತು. ಬಂದೂಕು ಹೊರೋದಕ್ಕೆ ಹುಟ್ಟೋದು ಎಷ್ಟು ಸಲೀಸು ನೋಡು, ನನ್ನದೊಂದಕ್ಕೆ ಮಾತ್ರ ಆಗಲಿಲ್ಲ. ನನ್ನದು ಕಣ್ಣಲ್ಲ, ಬರೀ ಗುಡ್ಡೆ, ನಾನು ಈಗ ನೋಡ್ತಿರೋದೂ ಸುಳ್ಳಾಗಿದ್ರೆ? ಆವತ್ತು ಬೇಕು ಅನ್ನಿಸಿದ್ದಕ್ಕೆ ಮಿಣುಕು ಕಾಣಿಸಿತು, ಇವತ್ತು ಎಲ್ಲರ ಮೇಲೂ ಉರಿ ಬರ್ತಿದೆ, ಆ ಉರಿಗೇ ಹಡಗು ಬೆಳೆದ ಹಾಗೆ ಕಾಣ್ತಿದ್ರೆ? ಎರಡು ಚಿತ್ರ ಅದಲುಬದಲು ಮಾಡಿದೆ, ಎಡ, ಬಲ, ಎಡ, ಬಲ, ಚುಕ್ಕೆಗಳು ಮಿಣಮಿಣ.

ಅಕ್ಕಾ, ಮಾರಿ ಯಾಕ ಹಿಂಗ್ ಆಗೇದ, ಹುಷಾರ್ ಇಲ್ಲೇನು, ಅಯ್ಮನ್ ಟೀ ತಂದಿಟ್ಲು, ಮೇಲೆ ಒಂದು ಬಿಸ್ಕೆಟ್. ನೀನು ಒಂದು ಸಲ ನೋಡೇ, ನಾನು ಏನೂ ಹೇಳಲ್ಲ ಅಂದೆ, ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವಳು ಬಗ್ಗಿ ನೋಡಿದ್ಲು, ಬೆರಳಿಂದ ಅಳೆದಳು, ಅವಳ ಮುಖ ಅರಳ್ತು, ಅಯ್ಯ ಅಕ್ಕಾ ಬೆಳದದ, ಖರೇನ ಬೆಳದದ, ಬಾಜೂಕ ಇನ್ನೊಂದೂ ಕುಂತದ! ಎಷ್ಟು ಖುಷಿಯಿಂದ ಹೇಳಿದ್ಲು, ಈ ಮಾತನ್ನ ಬೆಳಿಗ್ಗೆ ಆ ಕತ್ತಲೆ ರೂಮಲ್ಲಿ ಯಾರಾದ್ರೂ ಹೇಳಿದ್ರೆ, ಇದೇ ಧ್ವನಿಯಲ್ಲಿ, ಬೆಳದದ ಅಂತ. ನಾನು ಹೌದು ಅಂದೆ, ಟೀ ಕುಡಿದೆ, ಸಕ್ಕರೆ ಜಾಸ್ತಿ ಹಾಕಿದ್ಲು.

ಡಾನಲ್ ಬಂದು ಮೇಜಿನ ಮೂಲೆಗೆ ಒರಗಿ ನಿಂತ, ಕಾಫಿ ಕಪ್ ಹಿಡ್ಕೊಂಡು, ವಾಸ್, ಹೌ ಆರ್ ವಿ ಫಿಕ್ಸ್‌ಡ್, ಎಲ್ಲಿಗೆ ಬಂತು ಅಂದ, ಒಳ್ಳೇ ಮನುಷ್ಯನೇ, ಕೆಟ್ಟವನಲ್ಲ, ಬೆಳಿಗ್ಗೆ ಆಸ್ಪತ್ರೆ ಅಪಾಯಿಂಟ್‌ಮೆಂಟ್ ಇದೆ ಅಂದಾಗ ಏನು ಎತ್ತ ಕೇಳದೆ ಟೇಕ್ ಯುವರ್ ಟೈಮ್ ಅಂದಿದ್ದ. ಚಿತ್ರ ನೋಡಿದ, ಮುಖ ಸಪ್ಪಗಾಯ್ತು, ಇದು ಅದೇ ಹಳೇ ನಮೂನೆ ಆಗಿರಬಹುದಲ್ವಾ, ಬೇರೆ ಏನೋ ಸರಕು ಹಡಗು ಇರಬಹುದಲ್ವಾ, ಈಗಲೇ ಹೇಳೋಕಾಗಲ್ಲ ಅಂತ ಹಾಕೋಣ, ಇನ್ನೊಂದು ವಾರ ಕಾಯೋಣ, ಏನಂತೀಯ. ಇನ್ನೊಂದು ವಾರ. ಅವನ ಪಾಡ್‌ಕಾಸ್ಟಿಗೆ ಇನ್ನೊಂದು ವಾರ ಮರ್ಯಾದೆ ಬೇಕು, ಅಷ್ಟೇ. ನನಗೂ ಬೇಕಿತ್ತು ಡಾನಲ್, ಬೆಳಿಗ್ಗೆ ನಾನೂ ಅದನ್ನೇ ಕೇಳಿದೆ ಆ ಹೆಂಗಸನ್ನ, ಇನ್ನೊಂದು ವಾರ ನೋಡಬಹುದಾ ಅಂತ, ಡೇಟ್ ತಪ್ಪಿರಬಹುದಲ್ವಾ ಅಂತ, ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು ಇಲ್ಲ ಲವ್, ಎರಡು ಸಲ ನೋಡಿದ್ವಲ್ಲ, ಸುಮ್ಮನೆ ಆಸೆ ಹುಟ್ಟಿಸಲ್ಲ ನಾನು ಅಂದ್ಲು, ಆ ಕೈ ಬೆಚ್ಚಗಿತ್ತು, ಅವಳನ್ನ ಬಯ್ಯೋಕೂ ಆಗಲಿಲ್ಲ. ಡಾನಲ್‌ಗೆ ಹೇಳಿದೆ, ಎರಡು ಚಿತ್ರ, ನಡುವೆ ಒಂದು ವಾರ, ಇನ್ನು ಕಾಯೋದು ಏನೂ ಇಲ್ಲ. ನನ್ನ ಧ್ವನಿ ಕೇಳಿ ಅವನು ಒಂದು ಕ್ಷಣ ನೋಡಿದ, ಆರ್ ಯೂ ಓಕೆ ವಾಸ್ ಅಂದ, ಗ್ರ್ಯಾಂಡ್ ಅಂದೆ, ಚೆನ್ನಾಗಿದೀನಿ ಅಂತ, ಈ ಊರಲ್ಲಿ ಸತ್ತರೂ ಗ್ರ್ಯಾಂಡ್ ಅಂದರಾಯ್ತು.

ಕಾಲ್‌ನಲ್ಲಿ ಆರು ಮುಖ, ಒಂದಕ್ಕೆ ಟೈ ಇತ್ತು, ಆ ಟೈ ಮನುಷ್ಯ ಕೇಳಿದ, ನೇರವಾಗಿ ಹೇಳಿಬಿಡಿ, ಈ ಫ್ರಿಗೇಟ್ ಸಾಲಾಗಿ ಬರುತ್ತಾ ಇಲ್ವಾ. ಡಾನಲ್ ಬಾಯಿ ತೆರೆದ, ನಾನು ಮೊದಲು ಹೇಳಿದೆ, ಬರುತ್ತೆ. ಮೂರನೆಯದೂ ನಾಲ್ಕನೆಯದೂ ಒಟ್ಟಿಗೆ ಕೂತಿದೆ, ಇದು ಸ್ಯಾಂಪಲ್ ಅಲ್ಲ. ಎಷ್ಟರಮಟ್ಟಿಗೆ ಖಚಿತ ಅಂದ. ಪೂರ್ತಿ ಅಂದೆ. ಮೊದಲು ನಿಮ್ಮ ಕಂಪನಿಯವರೇ ಇಲ್ಲ ಅಂದಿದ್ರಲ್ಲ ಅಂದ, ಆವಾಗ ಒಂದೇ ಚಿತ್ರ ನೋಡಿ ಬಾಯಿಬಿಟ್ಟಿದ್ವಿ, ಅದು ತಪ್ಪು ಅಂದೆ, ಡಾನಲ್ ಕಾಫಿ ಕಪ್ಪಿನೊಳಗೆ ನೋಡ್ತಾ ಕೂತ, ಅವನ ಕಿವಿ ಕೆಂಪಗಾಗಿತ್ತು. ಅದು ಅವನಿಗೆ ಹೇಳಿದ್ದಲ್ಲ, ನನಗೇ ಹೇಳಿಕೊಂಡದ್ದು, ಅದು ಅವನಿಗೆ ಗೊತ್ತಾಗೋದೂ ಬೇಡ. ನನ್ನ ಜೀವನದಲ್ಲಿ ಇಷ್ಟು ಸ್ಪಷ್ಟವಾಗಿ ಯಾರಿಗೂ ಹೌದು ಅಂದಿರಲಿಲ್ಲ, ಯಾವ ಹಾಳು ಹಡಗಿಗೆ ಹೌದು ಅಂದೆ. ಟೈ ಮನುಷ್ಯ ಥ್ಯಾಂಕ್ಯೂ ಅಂದ, ಒಂದೊಂದಾಗಿ ಮುಖ ಆರಿಹೋಯ್ತು.

ಮೆಟ್ಟಿಲ ಹತ್ತಿರ ಹೋಗಿ ದಿಲೀಪ್‌ಗೆ ಫೋನು ಮಾಡಿದೆ, ಕಿಟಕಿಯಿಂದ ಕೆಳಗೆ ಚೌಕದ ಕೆಂಪು ಕಂಬಗಳು ಓರೆಓರೆಯಾಗಿ ನಿಂತಿದ್ವು, ಒಬ್ಬ ಹುಡುಗ ಸೈಕಲ್ ತಳ್ಳಿಕೊಂಡು ಹೋಗ್ತಿದ್ದ, ಏನೇ ಎಷ್ಟು ಸಲ ಮೆಸೇಜ್ ಮಾಡಿದೆ, ಪ್ರಾಣ ಹೋಯ್ತು ಇಲ್ಲಿ, ಬೆಳೆದಿದೆ ತಾನೇ ಅಂದ. ಇಲ್ಲ ಅಂದೆ. ಇಲ್ಲ ಅಂದ್ರೆ? ಇಲ್ಲ ದಿಲೀಪ್, ಇಲ್ಲ ಅಂದ್ರೆ ಇಲ್ಲ, ಅವತ್ತೂ ಇರಲಿಲ್ಲ. ಆಚೆ ಕಡೆ ಆಫೀಸಿನ ಸದ್ದು, ಯಾರೋ ನಕ್ಕರು, ಆಮೇಲೆ ಬಾಗಿಲು ಮುಚ್ಚಿದ ಸದ್ದು. ನೀನು ನೋಡಿದೆ ಅಂದ್ಯಲ್ಲ ವಸೂ, ಮಿಣಕ್ ಅಂತು ಅಂದ್ಯಲ್ಲ. ಹೌದು, ಅಂದೆ. ನೋಡದೇ ಇದ್ದದ್ದನ್ನ ನೋಡಿದೆ ಅಂತ ಯಾಕಂದೆ ವಸೂ. ಅವನು ಕೂಗಲಿಲ್ಲ, ಕೂಗಿದ್ರೆ ನಾನೂ ಕೂಗ್ತಿದ್ದೆ, ಮೆಲ್ಲಗೆ ಕೇಳಿದ, ಮೂಗು ಕಟ್ಟಿದ ಧ್ವನಿಯಲ್ಲಿ. ಬೇಕಾಗಿತ್ತು ದಿಲೀಪ್, ನನಗೆ ಬೇಕಾಗಿತ್ತು ಅಂದೆ, ಮೊದಲನೇ ಸಲ ಬಾಯಿಬಿಟ್ಟು ಅಂದೆ, ಆಗ ಅಳು ಬಂತು, ಅಲ್ಲೇ ಮೆಟ್ಟಿಲ ಮೇಲೆ ಕೂತೆ, ಮೇಲಿಂದ ಯಾರೋ ಇಳಿದು ಬಂದವರು ಸಾರಿ ಅಂದು ದಾಟಿಕೊಂಡು ಹೋದ್ರು. ಅಮ್ಮನಿಗೆ ನಾನು ಹೇಳ್ತೀನಿ, ನೀನು ಯಾರ ಹತ್ತಿರವೂ ಮಾತಾಡಬೇಡ, ಈಗಲೇ ಹೊರಡ್ತೀನಿ ಅಂದ, ಆಮೇಲೆ ಕೇಳಿದ, ಐಶುಗೆ ಯಾರು ಹೇಳೋದು.

ನಾನೇ ಅಂದೆ, ಕಣ್ಣು ನನ್ನದು, ನಾನೇ ಹೇಳಬೇಕು. ಹೇಗೆ ಹೇಳೋದು, ಬೆಳಿಗ್ಗೆ ಶೂ ಲೇಸ್ ಕಟ್ಟಿಸಿಕೊಳ್ತಾ ಕೇಳಿದ್ದಳಲ್ಲ, ಇವತ್ತು ಥರ್ಸ್‌ಡೇ ಅಮ್ಮಾ, ಸೆಕೆಂಡ್ ಪಿಕ್ಚರ್ ಬರೀಬೇಕು, ನಾನು ಹೂಂ ಅಂದಿದ್ದೆ, ಸಾಯಂಕಾಲ ಹೋದ್ರೆ ಹಾಳೆ ಹರಡಿಕೊಂಡೇ ಕೂತಿರ್ತಾಳೆ, ಕ್ರೆಯಾನ್ ಹಿಡ್ಕೊಂಡು, ಬೆರಳೆಲ್ಲ ಕಪ್ಪು ಮಾಡ್ಕೊಂಡು, ಹಡಗಿನ ವಿಷಯ ಆದ್ರೆ ಹೇಳಿದೆ, ಇದನ್ನ ಯಾವ ಭಾಷೇಲಿ ಹೇಳಲಿ, ನಾನು ಕನ್ನಡದಲ್ಲಿ ಶುರು ಮಾಡ್ತೀನಿ, ಪುಟ್ಟಾ ಬಾ ಇಲ್ಲಿ ಅಂತ, ಅವಳು ಇಂಗ್ಲಿಷ್‌ನಲ್ಲಿ ಕೇಳ್ತಾಳೆ, ಈ ಊರಿನ ಮಕ್ಕಳ ಹಾಗೇ ಕೊನೆ ಎಳೆದು ಕೇಳ್ತಾಳೆ, ಕ್ರೆಯಾನನ್ನ ಹಾಳೆಯ ನಡುವೆ ತಂದು ನಿಲ್ಲಿಸಿ, ಹೌ ಬಿಗ್ ವಿಲ್ ಐ ಲೀವ್ ಇಟ್, ಅಮ್ಮಾ — ಎಷ್ಟು ಬಿಡೋದು, ಉಗುರಿನಷ್ಟಾ, ಅಷ್ಟೂ ಬೇಡ, ಪೂರ್ತಿ ಬಳಿದುಬಿಡು ಅಂತ ಹೇಗೆ ಹೇಳಲಿ — ಹಾಳೆ, ಕಪ್ಪು, ನಡುವೆ ಅವಳು ಬಳಿಯದೆ ಬಿಟ್ಟ ಜಾಗ, ಹೌ ಬಿಗ್ ಅಮ್ಮಾ, ಬಳಿಯದೆ ಬಿಟ್ಟ ಆ ಜಾಗ